ರೆಕ್ಕೆಯ ಓತಿಕ್ಯಾತ ಮಾರಿದ ನಮ್ಮತ್ತೆ

ನಾನು ಉಲ್ಲನ್ ಗೊಂಬೆ ಹೆಣೆಯುವವಳು. ಅಕ್ಕೋಳ ಎಂಬ ಊರಿನ ನಮ್ಮ ಮನೆಯಲ್ಲಿ ಕೂತು ಹೆಣೆಯುವಷ್ಟು ಹೊತ್ತು ಏನೂ ಆಗುವುದಿಲ್ಲ. ಗೊಂಬೆಗಳನ್ನು ಚೀಲಕ್ಕೆ ತುಂಬಿ ನಮ್ಮತ್ತೆಯ ಜೊತೆ ಹೊರಬಿದ್ದೆನೋ, ಏನಾದರೊಂದು ಆಗಿಯೇ ತೀರುತ್ತದೆ.

ಹೋದ ವರ್ಷ ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆಯ ಛತ್ರದಲ್ಲಿ, ಕಾರ್ಟೂನ್ ಅಭಿಮಾನಿಗಳ ಮೇಳ ನಡೆಯಿತು. ಹುಡುಗ ಹುಡುಗಿಯರು ತಮಗಿಷ್ಟವಾದ ಪಾತ್ರಗಳ ವೇಷ ಹಾಕಿಕೊಂಡು ಬರುತ್ತಾರೆ, ಕೈಯಿಂದ ಮಾಡಿದ ಸಾಮಾನು ಮಾರುವವರಿಗೂ ಜಾಗ ಕೊಡುತ್ತಾರೆ ಎಂದು ಕೇಳಿ ಒಂದು ಟೇಬಲ್ ಹಿಡಿದೆ. ನನ್ನ ಮೊದಲ ಅಂಗಡಿ. ಬಸ್ಸಿನಲ್ಲೇ ಅತ್ತೆಯನ್ನು ಕೇಳಿದೆ:

"ಒಂದೂ ಹೋಗಲಿಲ್ಲಂದ್ರ ಹೆಂಗ್ರಿ ಅತ್ತೀ?"

"ಹೊತ್ಕೊಂಡ ಬರೋಣು. ಉಲ್ಲನ್ ಏನ ಕೊಳೀತೈತೇನ?"

ಅವರು ಜೊತೆಗಿರದಿದ್ದರೆ ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸ್ ಬರುತ್ತಿದ್ದೆ.

ಗಂಡಿನ ಕಡೆಯವರು

ನಾವು ಗೊಂಬೆ ಜೋಡಿಸುತ್ತಿದ್ದಾಗ ವಯಸ್ಸಾದ ಗಂಡ ಹೆಂಡತಿ ಮದುವೆಗೆ ಕೊಡುವ ಬಟ್ಟೆಬರೆಯ ಆಯಾರದ ಗಂಟು ಹಿಡಿದು ಒಳಗೆ ಬಂದರು. ಎದುರಿಗೆ ಕೊಂಬಿನವನೊಬ್ಬ, ನೇರಳೆ ಕೂದಲಿನವಳೊಬ್ಬಳು, ಬೆನ್ನಿಗೆ ರಟ್ಟಿನ ಕತ್ತಿ ಕಟ್ಟಿಕೊಂಡ ನಾಲ್ಕೈದು ಮಂದಿ ಓಡಾಡುತ್ತಿದ್ದರು. ಇಬ್ಬರೂ ಶಾಂತವಾಗಿ ಕುರ್ಚಿ ಹಿಡಿದು ಕೂತರು. ಬಹಳ ಹೊತ್ತಾದ ಮೇಲೆ ಯಜಮಾನರು ನನ್ನ ಹತ್ತಿರ ಬಂದರು.

"ಯವ್ವಾ, ಅಕ್ಕಿಕಾಳ ಯಾವಾಗ ಹಾಕತಾರ?"

"ಇದು ಮದುವಿ ಅಲ್ಲರಿ ಅಜ್ಜಾರ. ಮದುವಿ ಆ ಕಡಿ ಕಾರ್ಯಾಲಯದಾಗ ಐತಿ. ಇವರನ್ನೆಲ್ಲಾ ನೋಡಿ ನಿಮಗ ಸಂಶೇ ಬರಲಿಲ್ಲೇನ್ರಿ?"

ಯಜಮಾನರು ಕೊಂಬಿನವನನ್ನು ಇನ್ನೊಮ್ಮೆ ನೋಡಿ ಹೇಳಿದರು: "ಗಂಡಿನ ಕಡಿ ಮಂದಿ ಸ್ವಲ್ಪ ಹಿಂಗ ಅದಾರಂತ ಮೊದಲ ಹೇಳಿದ್ರವ್ವಾ."

ಓತಿಕ್ಯಾತ

ಮಧ್ಯಾಹ್ನದವರೆಗೆ ಒಂದು ಗೊಂಬೆಯೂ ಹೋಗಲಿಲ್ಲ. ಜನ ಬರುವುದು, ಮುಟ್ಟುವುದು, "ಕ್ಯೂಟ್" ಎನ್ನುವುದು, ಹೋಗುವುದು. ಚಳಿಗಾಲವಿಡೀ ಹೆಣೆದ ಡ್ರ್ಯಾಗನ್‌ಗಳು ನನ್ನನ್ನೇ ನೋಡುತ್ತಿದ್ದವು. ನನ್ನ ಕಣ್ಣು ತುಂಬಿದ್ದನ್ನು ಕಂಡ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. ಸಂತೆಯಲ್ಲಿ ಕಾಯಿಪಲ್ಯೆ ಮಾರಿ ಪಳಗಿದ ಗಂಟಲು ಅವರದು.

"ಬರ್ರಿ, ಬರ್ರಿ! ರೆಕ್ಕಿ ಇದ್ದ ಓತಿಕ್ಯಾತ! ಕಡಿಯಂಗಿಲ್ಲ, ಓಡಂಗಿಲ್ಲ!"

"ಅತ್ತೀ, ಅದು ಡ್ರ್ಯಾಗನ್ ಐತ್ರಿ."

"ಇರಲಿ ಬಿಡ. ಅದೇನ ಎದ್ದ ಬಂದ ಜಗಳಾ ತಗೀತೈತೇನ?"

ಕೊಲ್ಹಾಪುರದ ಹುಡುಗಿಯರನ್ನು ಕಂಡೊಡನೆ ಅತ್ತೆ ಅದನ್ನೇ ಮರಾಠಿಯಲ್ಲಿ ಕೂಗಿದರು: "ಯಾ, ಯಾ! ಪಂಖವಾಲಾ ಸರಡಾ!" ಜನ ನಗುತ್ತ ಬಂದರು, ನಗುತ್ತ ಕೊಂಡರು. ಒಬ್ಬ ಹುಡುಗ ಕೆಂಪು ಡ್ರ್ಯಾಗನ್ನಿನ ಬಾಯಿ ಬಿಡಿಸಿ ನೋಡಿ, "ಅಜ್ಜೀ, ಇದು ಬೆಂಕಿ ಉಗುಳತೈತೇನ್ರಿ?" ಎಂದ.

"ಬಿಸಿನೀರಾಗ ತೊಳದ ನೋಡಪಾ, ಬಣ್ಣ ಉಗುಳತೈತಿ."

ರಾಕ್ಷಸನ ಊಟ

ನಾವು ರೊಟ್ಟಿ ಬುತ್ತಿ ಬಿಚ್ಚಿದಾಗ ಒಬ್ಬ ರಾಕ್ಷಸ ಎದುರಿಗೆ ನಿಂತ. ಬೆನ್ನ ತನಕ ಇಳಿದ ಕೂದಲು, ಕೈಗೆ ಅಂಟಿಸಿದ ಮಾರುದ್ದದ ಉಗುರು. ಗೊಂಬೆ ನೋಡುತ್ತಿಲ್ಲ, ಶೇಂಗಾ ಚಟ್ನಿ ನೋಡುತ್ತಿದ್ದಾನೆ. ಅತ್ತೆ ಅವನ ಮುಖವಾಡ ಎತ್ತಿ, ತುತ್ತು ಮಾಡಿ ಬಾಯಿಗಿಟ್ಟರು.

"ಯಾವೂರಪಾ?"

"ಅಂಕಲಿ ರಿ. ಮನಿಯಾಗ ಯಾರಿಗೂ ಹೇಳಬ್ಯಾಡ್ರಿ. ನಾಳೆ ಅಥಣಿಗಿ ಹೆಣ್ಣ ನೋಡಾಕ ಹೊಂಟೀವಿ. ಕಟಿಂಗ್ ಮಾಡಿಸ್ಕೊಂಡ ಬರ್ತೀನಂತ ಹೇಳಿ ಬಂದೀನಿ."

ಅತ್ತೆ ಆ ಜಟೆಯನ್ನು ಮೇಲಿಂದ ಕೆಳಗೆ ನೋಡಿದರು. "ಚೊಲೋ ಮಾಡ್ಯಾನ ಕಟಿಂಗ್."

ಮೊದಲ ಬಹುಮಾನ

ಸಂಜೆಯ ಹೊತ್ತಿಗೆ ಟೇಬಲ್ ಖಾಲಿ, ರೊಕ್ಕದ ಡಬ್ಬಿ ಭರ್ತಿ. ಆ ಹುಡುಗರಿಗೆಲ್ಲ ಒಳ್ಳೆಯದಾಗಲಿ. ನಾನು ಇವತ್ತಿಗೂ ಹೆಣೆಯುತ್ತಿರುವುದು ಅವರು ಅಂದು ನಗುತ್ತ ಬಂದದ್ದರಿಂದ, ಅವರು ಬಂದದ್ದು ಅತ್ತೆಯ ಗಂಟಲಿನಿಂದ. ಆ ಗಂಟಲು ಒಣಗಿ ಅತ್ತೆ ತಂಬಿಗೆ ಹಿಡಿದು ನೀರು ಹುಡುಕುತ್ತ ಹೋದರು. ನೀರಿನ ಕೊಡ ಸ್ಟೇಜಿನ ಆ ಬದಿಗಿತ್ತು. ಸ್ಟೇಜಿನ ಮೇಲೆ ವೇಷದ ಸ್ಪರ್ಧೆ ನಡೆದಿತ್ತು. ಅತ್ತೆ ನಡುವೆ ಹಾದು ಹೊರಟರು: ಇಳಕಲ್ ಸೀರೆ, ಅಗಲ ಕುಂಕುಮ, ಕೈಯಲ್ಲಿ ತಂಬಿಗೆ. ಜನ ಸಿಳ್ಳೆ ಹೊಡೆದರು. ತೀರ್ಪುಗಾರ ಮೈಕು ಮುಂದೆ ಹಿಡಿದ.

"ಅಜ್ಜೀ, ನಿಮ್ಮದು ಯಾವ ಪಾತ್ರರಿ?"

ಅತ್ತೆ ತಂಬಿಗೆಯನ್ನು ನೋಡಿದರು. "ಪಾತ್ರಿ ಅಲ್ಲಪಾ, ತಂಬಿಗಿ."

"ಅಲ್ರಿ, ನೀವು ಯಾರಾಗಿ ಬಂದೀರಿ?"

"ನಾನೇನ? ಅಕಾ, ಅಲ್ಲಿ ಗೊಂಬಿ ಅಂಗಡ್ಯಾಗ ನಿಂತಾಳಲ್ಲ, ಆಕಿ ಅತ್ತಿ ಆಗಿ ಬಂದೀನಿ."

"ಎಷ್ಟ ದಿನದಿಂದ ಮಾಡಾಕತ್ತೀರಿ?"

"ಆಕಿ ಮದುವಿ ಆಗಿ ಬಂದಾಗಿಂದ."

"ಹಂಗಾರ ಆ ಪಾತ್ರದ್ದ ಒಂದ ಡೈಲಾಗ್ ಹೇಳ್ರಿ!"

ಅತ್ತೆಗೆ ಡೈಲಾಗ್ ಗೊತ್ತಾಗಲಿಲ್ಲ. ಆದರೆ ಅಷ್ಟರಲ್ಲಿ ನಾನು ರೊಕ್ಕದ ಡಬ್ಬಿಯನ್ನು ಟೇಬಲ್ ಮೇಲೇ ಬಿಟ್ಟು ಸ್ಟೇಜಿನ ಮುಂದೆ ಬಂದು ಬಾಯಿ ತೆರೆದು ನಿಂತದ್ದು ಕಣ್ಣಿಗೆ ಬಿತ್ತು. ಮೈಕಿನಲ್ಲೇ ಗುಡುಗಿದರು: "ಏ, ಅಂಗಡಿ ಬಿಟ್ಟ ಇಲ್ಲೇನ ಮಾಡಾಕತ್ತಿ? ಅಲ್ಲಿ ಯಾರ, ನಿಮ್ಮಪ್ಪ ಕುಂತಾನೇನ?"

ಕಾರ್ಯಾಲಯ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಬಹುಮಾನ ಅತ್ತೆಗೆ.

ನಾನು ತಲೆ ತಗ್ಗಿಸಿ ಟೇಬಲ್ಲಿನ ಕಡೆ ಓಡುತ್ತಿದ್ದಾಗ ಮೈಕಿನಲ್ಲಿ ಮತ್ತೆ ಕೇಳಿಸಿತು: "ಸಮಾಧಾನಕರ ಬಹುಮಾನ, ಅಂಜಿ ಓಡಾಕತ್ತಿರೋ ಆ ಸೊಸಿ ಪಾತ್ರಕ್ಕ!"