ಗೌಡ್ರ ಹುಲ್ಲು ಮಿಷನ್ನಿನ ಪ್ಲಗ್ಗು

ನಮ್ಮ ಕಡೆ ಯಾವ ಮಿಷನ್ ಕೆಟ್ಟು ನಿಂತ್ರೂ ಮೆಕ್ಯಾನಿಕ್ಕಿಗೆ ಫೋನ್ ಬರೋದು ಕೊನೇಲಿ. ಅದಕ್ಕೆ ಮುಂಚೆ ಅಕ್ಕಪಕ್ಕದೋರು, ದಾರೀಲಿ ಹೋಗೋರು, ಹಾಲು ಹಾಕಕ್ಕೆ ಬಂದೋರು ಎಲ್ಲಾ ಒಂದೊಂದು ಕೈ ನೋಡಿರ್ತಾರೆ. ನಾನು ಹೋಗಿ ಟೂಲ್ಸ್ ಚೀಲ ಕೆಳಗಿಡೋ ಹೊತ್ಗೆ ಇಂಜಿನ್ ತಣ್ಣಗಿರುತ್ತೆ, ಜನ ಬಿಸಿಯಾಗಿರ್ತಾರೆ. ಇಂಥವು ಬೇಕಾದಷ್ಟು ನೋಡಿದೀನಿ. ಆದ್ರೆ ಕಡೂರಿನ ಗೌಡ್ರ ಪ್ಲಗ್ಗಿನಂಥದ್ದು ಇನ್ನೊಂದು ನೋಡಿಲ್ಲ.

ಸೀಟಿರೋ ಮಿಷನ್

ಗೌಡ್ರದ್ದು ಕಡೂರು ಹತ್ರ ರೋಡ್ ಪಕ್ಕಕ್ಕೇ ಒಂದು ಕಲ್ಯಾಣ ಮಂಟಪ. ಹಾಲ್ ಎಲ್ಲಾರ ಹತ್ರನೂ ಇದೆ, ಲಾನ್ ಯಾರ ಹತ್ರನೂ ಇಲ್ಲ ಅಂತ ಮುಂದ್ಗಡೆ ಜಾಗಕ್ಕೆಲ್ಲ ಹುಲ್ಲು ಹಾಕ್ಸಿದ್ರು. ಹುಲ್ಲು ಬಂತು. ಅದನ್ನ ಹೊಡ್ಯಕ್ಕೆ ಎಲ್ಲಿಂದ್ಲೋ ಸೆಕೆಂಡ್ ಹ್ಯಾಂಡ್ ಮಿಷನ್ನೂ ಬಂತು. ಮೇಲೆ ಕೂತು ಓಡ್ಸೋದು. ನೋಡಕ್ಕೆ ಟ್ರ್ಯಾಕ್ಟರಿನ ಮರಿ ಇದ್ದಂಗಿದೆ. ಸ್ಟೇರಿಂಗು, ಸೀಟು, ಮುಂದೆ ಎರಡು ಲೈಟು, ಹೊಟ್ಟೆ ಕೆಳಗೆ ಬ್ಲೇಡು.

ಗೌಡ್ರು ಅದನ್ನ ವಾಚ್‌ಮನ್ ಕೈಗೂ ಕೊಡಲ್ಲ. ಬಿಳಿ ಪಂಚೆ ಎತ್ತಿ ಕಟ್ಕಂಡು, ಕಪ್ಪು ಕನ್ನಡಕ ಹಾಕ್ಕಂಡು ತಾವೇ ಓಡ್ಸೋದು. ಬಸ್ಸಲ್ಲಿ ಹೋಗೋರು ತಿರುಗಿ ನೋಡ್ಬೇಕು, ಅಷ್ಟೇ.

ಒಂದಿನ ಎಮ್ಮೆದೊಡ್ಡಿ ಕಡೆಯೋನೊಬ್ಬ ಕಾಂಪೌಂಡ್ ಹತ್ರ ನಿಂತು ಸುಮಾರು ಹೊತ್ತು ನೋಡಿದ್ನಂತೆ. ದನ ಸಾಕಿರೋ ಮನುಷ್ಯ.

"ಗೌಡ್ರೇ, ಇದು ಉಳ್ತದಾ?"

"ಉಳಲ್ಲ ಕಣಪ್ಪ. ಹುಲ್ಲು ಹೊಡಿತದೆ."

"ಹೊಡೆದ್ ಹುಲ್ಲು ಏನ್ಮಾಡ್ತೀರಿ?"

"ತಿಪ್ಪೆಗೆ ಹಾಕ್ತೀವಿ."

ಅವನು ಲೆಕ್ಕ ಹಾಕ್ದ. "ನೀರ್ ಬಿಟ್ಟು ಹುಲ್ಲು ಬೆಳ್ಸಿ, ಪೆಟ್ರೋಲ್ ಹಾಕಿ ಹೊಡ್ದು, ತಿಪ್ಪೆಗ್ ಹಾಕ್ತೀರಿ."

"ಹೂಂ."

"ಗೌಡ್ರೇ, ಈ ವಿಷ್ಯ ನಮ್ ಹಸಗಳ ಕಿವಿಗೆ ಮಾತ್ರ ಬೀಳೋದು ಬ್ಯಾಡ" ಅಂದು ಹೊರಟೋದ್ನಂತೆ.

ಭಾಯ್ ಹಾಕಿದ ಷರತ್ತು

ನಾನಿರೋದು ಅಜ್ಜಂಪುರದಲ್ಲಿ, ಭಾಯ್ ಅಂಗಡೀಲಿ. ಔಷಧಿ ಹೊಡ್ಯೋ ಪಂಪು, ಕಳೆ ಹೊಡ್ಯೋ ಮಿಷನ್ನು, ಸಣ್ಣ ಪೆಟ್ರೋಲ್ ಇಂಜಿನ್ನು ರಿಪೇರಿ. ಅದಕ್ಕೂ ಮೊದ್ಲು ಮೆಕ್ಯಾನಿಕಲ್ ಡಿಪ್ಲೊಮಾ ಮಾಡ್ತಿದ್ದೆ. ಅಲ್ಲಿ ನಾಲ್ಕು ಸ್ಟ್ರೋಕ್ ಇಂಜಿನ್ನು ಬೋರ್ಡ್ ಮೇಲೆ ತಿಂಗ್ಳುಗಟ್ಲೆ ಓಡ್ತು. ಹೊಗೆನೂ ಬರ್ಲಿಲ್ಲ, ಸದ್ದೂ ಬರ್ಲಿಲ್ಲ, ನನಗೆ ನಿದ್ದೆ ಬಂತು. ಅರ್ಧಕ್ಕೇ ಬಿಟ್ಟು ಬಂದೆ.

ದೇವನೂರಲ್ಲಿರೋ ನಮ್ಮಪ್ಪ ಇದನ್ನ ಇನ್ನೂ ಒಪ್ಪಿಲ್ಲ. ಕಾಲೇಜೂ ಒಪ್ಪಿಲ್ಲ. ಈಗ್ಲೂ ಬಂದ್ರೆ ಸೇರಿಸ್ಕತೀವಿ ಅಂತಾರಂತೆ. ಬೇರೆ ಯಾರಿಗಾದ್ರೂ ಇಷ್ಟು ಪ್ರೀತಿ ತೋರ್ಸಿದಾರಾ ಗೊತ್ತಿಲ್ಲ.

ಅವತ್ತು ಶನಿವಾರ ಬೆಳಗ್ಗೆ ಗೌಡ್ರ ಫೋನು. ಮಿಷನ್ ಸ್ಟಾರ್ಟ್ ಆಗ್ತಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚೋಣ ಅಂದ್ರೆ ಕಚ್ಕೊಂಡಿದೆ. ನಾಳೆ ಸಂಜೆ ಲಾನ್ ಮೇಲೆ ಆರತಕ್ಷತೆ, ಲಾನಿಗೆ ಅಂತ ಬಂದಿರೋ ಮೊದಲ್ನೇ ಪಾರ್ಟಿ. ಮಳೆ ಬಿದ್ದು ಹುಲ್ಲು ಮೊಣಕಾಲಿಗೆ ಬಂದಿದೆ. ಕೈ ಮಿಷನ್ನಲ್ಲಿ ಹೊಡಿಯೋಣ ಅಂದ್ರೆ ಅದು ಊರ ಕ್ಷೌರ ಮಾಡ್ದಂಗೆ ಮೆಟ್ಲು ಮೆಟ್ಲು ಆಗುತ್ತೆ.

ಭಾಯ್ ಆವಾಗ್ಲೇ ಹೊಸ ಅಂಗಿ ಹಾಕ್ಕಂಡು ಅತ್ತರು ಹಚ್ಕತಿದ್ರು. ತರೀಕೆರೇಲಿ ಅವರ ತಂಗಿ ಮಗಳ ಮದ್ವೆ.

"ನೀನೇ ಹೋಗು ಬೇಟಾ" ಅಂದ್ರು.

"ಒಬ್ನೇನಾ ಭಾಯ್?"

"ಎಷ್ಟ್ ದಿನ ಅಂತ ನನ್ ಹಿಂದೆ ಪಾನ ಸ್ಪ್ಯಾನರ್ರು ಹಿಡ್ಕೊಂಡ್ ನಿಂತ್ಕತೀಯ. ಬಿಚ್ಚು, ಹೊಸದ್ ಹಾಕು, ಬಾ. ಜೋರ್ ಮಾಡಿ ಒಳಗೆ ಮುರೀಬೇಡ. ಮುರಿದ್ರೆ ಇಂಜಿನ್ ಹೆಡ್ಡೇ ಹೋಯ್ತು."

"ಮುರಿದ್ರೆ?"

"ಇತ್ಲಾಗ್ ಬರ್ಬೇಡ. ಸೀದಾ ಕಾಲೇಜಿಗೆ ಹೋಗು."

"ಬಿಚ್ಚಕ್ಕೇ ಆಗ್ಲಿಲ್ಲ ಅಂದ್ರೆ?"

"ಅವಾಗ್ಲೂ ಕಾಲೇಜಿಗೇ ಹೋಗು. ನಿಮ್ಮಪ್ಪನಿಗೂ ಮಾತ್ ಕೊಟ್ಟಿದೀನಿ."

ಬಸ್ ಹತ್ತಿದ್ಮೇಲೆ ಅಪ್ಪನ ಫೋನ್ ಬಂತು. "ಏನೋ, ಒಬ್ನೇ ಹೋಗ್ತಿದೀಯಂತೆ ಕೆಲ್ಸಕ್ಕೆ. ಒಳ್ಳೇದಾಗ್ಲಿ" ಅಂದ್ರು. ಆಮೇಲೆ ಮೆತ್ತಗೆ, "ಬರೋವಾಗ ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ತೆಗಿಸ್ಕಂಡ್ ಬಾ" ಅಂದ್ರು.

ಅಜ್ಜಿ ಮತ್ತು ದಕ್ಷಿಣ ದಿಕ್ಕು

ಮಿಷನ್ನು ಲಾನ್ ಮಧ್ಯದಲ್ಲಿ ಹುಲ್ಲೊಳಗೆ ಮುಳುಗಿ ನಿಂತಿತ್ತು. ಎಲ್ಲಿ ಕೈ ಕೊಡ್ತೋ ಅಲ್ಲೇ. ಬಾನೆಟ್ ಎತ್ತಿದ್ರೆ ಅದು ಮುಂದಕ್ಕೆ ಬಾಗಿ ನಿಂತ್ಕತ್ತೆ. ಪ್ಲಗ್ಗಿರೋದು ಇಂಜಿನ್ನಿನ ಮೂತೀಲಿ, ಮುಂದಕ್ಕೆ ಮುಖ ಮಾಡ್ಕಂಡು. ಬಾನೆಟ್ ಅಡ್ಡ ಇರೋದ್ರಿಂದ ಎದುರಿಂದ ಪಾನ ಹಾಕೋದು ಕಷ್ಟ.

"ಸೀಟ್ ಮೇಲೆ ಕೂತ್ಕಂಡು ಬಗ್ಗಪ್ಪ, ಆರಾಮಾಗ್ ಸಿಗುತ್ತೆ" ಅಂದ್ರು ಗೌಡ್ರು. "ನಾನೂ ಹಂಗೇ ನೋಡಿದ್ದು. ಒಂಚೂರು ಅಲ್ಲಾಡ್ತು."

ಕೂತೆ. ಸೀಟು ಮೆತ್ತಗಿತ್ತು. ಸ್ಟೇರಿಂಗ್ ಮೇಲಿಂದ ಬಗ್ಗಿ ನೋಡಿದ್ರೆ ಪ್ಲಗ್ಗೇ ಕಾಣ್ತಿಲ್ಲ. ಅದ್ರ ಸುತ್ತ ಅರಿಶಿನ, ಅದ್ರ ಮೇಲೆ ಕುಂಕುಮ, ಅದ್ರ ಮೇಲೆ ವಿಭೂತಿ, ಮತ್ತೆ ಕುಂಕುಮ, ಒಣಗಿದ ಸೇವಂತಿಗೆ ಎಸಳು. ಗೌಡ್ರ ತಾಯಿ ಶುಕ್ರವಾರ ಶುಕ್ರವಾರ ಪೂಜೆ ಮಾಡ್ತಾರಂತೆ. ಅಜ್ಜಿ ವರಾಂಡದಲ್ಲೇ ಕುರ್ಚಿ ಹಾಕ್ಕಂಡು ಕೂತಿದ್ರು. ನಾನು ಸ್ಕ್ರೂಡ್ರೈವರ್ ತಗಂಡು ಕೆರೆಯಕ್ಕೆ ಶುರು ಮಾಡ್ತಿದ್ದಂಗೇ ಎದ್ ಬಂದ್ರು.

"ಏ, ಹಂಗ್ ಕೆರೀತಾರೇನೋ? ಒದ್ದೆ ಬಟ್ಟೇಲಿ ಒರ್ಸು."

ಒರೆಸ್ದೆ. ಬಟ್ಟೆ ಕೆಂಪಾಯ್ತು, ಕೈ ಕೆಂಪಾಯ್ತು, ಪ್ಲಗ್ಗು ಕಾಣ್ತು.

"ಪೂಜೆ ಮಾಡೋದು ಸರಿ ಅಜ್ಜಿ, ಆದ್ರೆ ಇಲ್ಲೇ ಯಾಕೆ? ಚಕ್ರಕ್ಕೆ ಹಚ್ಬೋದಿತ್ತಲ್ಲ."

"ಹಣೆಗೆ ಇಡೋದು ಬಿಟ್ಟು ಕಾಲಿಗೆ ಇಡ್ತಾರೇನೋ?"

ಆಮೇಲೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದ್ರು. "ದಕ್ಷಿಣಕ್ಕೆ ಮುಖ ಹಾಕ್ಕಂಡ್ ಕೂತಿದೀಯಲ್ಲೋ. ಯಾವ ಕೆಲ್ಸನೂ ಆಗಲ್ಲ ಹಂಗೆ. ಆ ಕಡೆ ಹೋಗಿ ಉತ್ತರಕ್ಕೆ ಮುಖ ಮಾಡ್ಕಂಡು ಬಿಚ್ಚು."

"ಅಜ್ಜಿ, ಪ್ಲಗ್ಗಿಗೆ ದಿಕ್ಕು ಗೊತ್ತಾಗಲ್ಲ."

"ಅದಕ್ಕೆ ಗೊತ್ತಾಗ್ಬೇಕಿಲ್ಲ. ನಿನಗೆ ಗೊತ್ತಿದ್ರೆ ಸಾಕು."

ನಾನು ಅವರಿಗೆ ಥ್ರೆಡ್ ಅಂದ್ರೇನು, ಕಾರ್ಬನ್ ಅಂದ್ರೇನು, ಬಿಸಿಗೆ ಲೋಹ ಹೆಂಗೆ ಹಿಗ್ಗುತ್ತೆ, ಎಲ್ಲಾ ವಿವರವಾಗಿ ಹೇಳಿದೆ. ಕಾಲೇಜಲ್ಲಿ ಕಲ್ತಿದ್ದು ಉಪಯೋಗಕ್ಕೆ ಬಂದಿದ್ದು ಅವತ್ತೊಂದೇ ದಿನ. ಅಜ್ಜಿ ಪೂರ್ತಿ ಕೇಳಿಸ್ಕಂಡು, "ಇಷ್ಟ್ ಹೊತ್ತಿಗೆ ಆ ಕಡೆ ಹೋಗಿ ಕೂತ್ಕಬೋದಿತ್ತು" ಅಂದ್ರು.

ಉಪ್ಪಿನಕಾಯಿ ಜಾಡಿ

ಪಾನ ಹಾಕಿ ಎಡಕ್ಕೆ ಎಳೆದೆ. ಕೂದಲೆಳೆಯಷ್ಟು ಅಲ್ಲಾಡ್ತು, ನಿಲ್ತು. ಸೀಮೆಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದೆ. ಮತ್ತೆ ಎಳೆದೆ. ಮತ್ತೆ ಅಷ್ಟೇ ಅಲ್ಲಾಡ್ತು, ಇನ್ನೂ ಗಟ್ಟಿ ಆಯ್ತು.

ಅಷ್ಟೊತ್ತಿಗೆ ನಾಳೆ ಅಡಿಗೆಗೆ ಒಲೆ ಜಾಗ ನೋಡಕ್ಕೆ ಭಟ್ರು ಬಂದ್ರು. ಒಳ್ಳೆ ಕಂಬದಂಥ ಆಳು. ಸೌಟು ಹಿಡ್ದು ಹಿಡ್ದು ತೋಳು ನನ್ ತೊಡೆ ಅಷ್ಟಿತ್ತು. ವಿಷ್ಯ ಕೇಳಿ ನಕ್ಕರು.

"ಇದೇನ್ ಮಹಾ. ಉಪ್ಪಿನಕಾಯಿ ಜಾಡಿ ಮುಚ್ಚಳ ಇದ್ದಂಗೆ. ಬಿಸಿ ನೀರ್ ಹುಯ್ದು ತಿರುಗ್ಸಿದ್ರೆ ತಾನಾಗೇ ಬತ್ತದೆ. ಏಳಪ್ಪ, ನನಗೆ ಸೀಟ್ ಬಿಡು."

ಸೀಟ್ ಬಿಟ್ಟೆ. ಭಟ್ರು ಕೂತಿದ್ದಕ್ಕೆ ಮಿಷನ್ನಿನ ಹಿಂದಿನ ಟೈರು ಚಪ್ಪಟೆ ಆದ್ವು. ಒಂದು ಚೊಂಬು ಕುದಿಯೋ ನೀರು ಹುಯ್ದು, ಹೆಗಲ ಮೇಲಿನ ಟವಲ್ ಪಾನಕ್ಕೆ ಸುತ್ತಿ, ಹಲ್ಲು ಕಚ್ಚಿ ಎಡಕ್ಕೆ ಎಳೆದ್ರು. ಕಿರ್ ಅಂತು.

"ಬತ್ತಾ ಇದೆ ಬತ್ತಾ ಇದೆ" ಅಂದ್ರು ಗೌಡ್ರು.

ಬರ್ಲಿಲ್ಲ. ಇನ್ನೊಂದ್ ಎಳೆತಕ್ಕೆ ಪ್ಲಗ್ಗು ಕುತ್ತಿಗೆಗೇ ಮುರಿಯುತ್ತೆ, ನಾನು ಮೊದಲ್ನೇ ಬೆಂಚಲ್ಲಿ ಕೂತಿರ್ತೀನಿ. "ಸಾಕು ಭಟ್ರೇ, ಕೈ ಉಳುಕಿದ್ರೆ ನಾಳೆ ಅಡಿಗೆ ಯಾರು ಮಾಡ್ತಾರೆ" ಅಂತ ಅವರ ಕೈ ಹಿಡ್ಕಂಡೆ.

ಭಟ್ರು ಇಳಿದು ಬೆವರು ಒರೆಸ್ಕಂಡು, "ಈ ಉಪ್ಪಿನಕಾಯಿ ಈ ವರ್ಷ ತಿನ್ನೋದಲ್ಲ ಬಿಡಿ" ಅಂದ್ರು.

ತರೀಕೆರೆಯಿಂದ ವಿಡಿಯೋ ಕಾಲ್

ಕೊನೆಗೆ ಭಾಯ್‌ಗೆ ಫೋನ್ ಮಾಡ್ದೆ. ಶಾದಿ ಮಹಲ್ ಗದ್ದಲ. ಏನೂ ಕೇಳಿಸ್ತಿಲ್ಲ ಅಂತ ಅವರೇ ವಿಡಿಯೋಗೆ ಬಂದ್ರು. ಮೊದ್ಲು ಪರದೆ ತುಂಬ ಬಿರಿಯಾನಿ ತಟ್ಟೆ ಕಾಣ್ತು, ಆಮೇಲೆ ಭಾಯ್ ಗಡ್ಡ.

"ಎಡಕ್ಕೆ ತಿರುಗ್ಸು ಬೇಟಾ."

"ಎಡಕ್ಕೇ ತಿರುಗಿಸ್ತಿರೋದು ಭಾಯ್."

"ಬಲಕ್ಕೆ ತಿರುಗಿಸ್ಬೇಡ, ಟೈಟ್ ಆಗುತ್ತೆ."

"ಅಷ್ಟ್ ಗೊತ್ತು ಭಾಯ್."

"ಸೀಮೆಎಣ್ಣೆ?"

"ಹಾಕ್ದೆ."

"ಹಂಗಾದ್ರೆ ಇಂಜಿನ್ ಬಿಸಿ ಇರೋವಾಗ ಬಿಚ್ಬೇಕು. ಒಂದು ಹತ್ ನಿಮಿಷ ಸ್ಟಾರ್ಟ್ ಮಾಡಿ ಬಿಡು, ಆಮೇಲೆ ಬಿಚ್ಚು."

"ಭಾಯ್, ಸ್ಟಾರ್ಟ್ ಆಗ್ತಿಲ್ಲ ಅಂತಾನೇ ಬಿಚ್ತಿರೋದು."

ಭಾಯ್ ಒಂದು ತುತ್ತು ಬಾಯಿಗಿಟ್ಕಂಡು ನಿಧಾನಕ್ಕೆ ಅಗಿದ್ರು. "ಹಾಂ" ಅಂದ್ರು. "ಕಾಲೇಜಿಗೆ ಬಸ್ ಎಷ್ಟೊತ್ತಿಗಿದೆ?"

ಟೈಟ್ ಮಾಡಿದ್ದು

ಬಿಸಿಲು ಇಳೀತು. ಗೌಡ್ರು ಹುಲ್ಲಲ್ಲಿ ಒಂದು ಸುತ್ತು ನಡೆದು ಬಂದ್ರು. ಬೆಳಗ್ಗೆ ಇದ್ದ ಕಪ್ಪು ಕನ್ನಡಕ ಜೇಬಿಗೆ ಹೋಗಿತ್ತು.

"ಆಯ್ತು ಬಿಡಪ್ಪ, ನಿಂದೇನ್ ತಪ್ಪಿಲ್ಲ. ಕುರ್ಚಿ ಎಲ್ಲಾ ಹಾಲ್ ಒಳಗೇ ಹಾಕಿಸ್ತೀನಿ. ಪಾರ್ಟಿಗೆ ಏನೋ ಒಂದು ಹೇಳ್ತೀನಿ. ಆ ಪ್ಲಗ್ಗು ಎಲ್ಲಾರೂ ಎಳೆದೆಳೆದು ಲೂಸ್ ಆಗಿರ್ಬೋದು. ಹೆಂಗಿತ್ತೋ ಹಂಗೆ ಟೈಟ್ ಮಾಡ್ಬಿಡು, ತಳ್ಳಿ ಶೆಡ್ಡಿಗೆ ಹಾಕ್ತೀವಿ."

ಬೇಜಾರಾಯ್ತು ನಿಜವಾಗ್ಲೂ. ಒಬ್ನೇ ಬಂದ ಮೊದಲ್ನೇ ಕೆಲ್ಸ. ಕಣ್ ಮುಂದೆ ಕಾಲೇಜ್ ಗೇಟು, ಪಾಸ್‌ಪೋರ್ಟ್ ಸೈಜಲ್ಲಿ ನನ್ ಮುಖ. ಕೊನೇ ಸಲ ಸೀಟ್ ಮೇಲೆ ಕೂತೆ, ಬಗ್ಗಿ ಪಾನ ಹಾಕ್ದೆ. ಇದ್ದ ಸಿಟ್ಟೆಲ್ಲ ಸೇರ್ಸಿ ಬಲಕ್ಕೆ ಒತ್ತಿದೆ. ಟೈಟ್ ಮಾಡಕ್ಕೆ.

ಟಕ್ ಅಂತು.

ಮುರೀತು ಅಂತಾನೇ ಅನ್ಕಂಡೆ. ಮೆಲ್ಲಗೆ ಇನ್ನೊಂದ್ಸಲ ತಿರುಗ್ಸಿದೆ. ಪಾನ ಬೆಣ್ಣೇಲಿ ಓಡ್ದಂಗೆ ಓಡ್ತು. ಎತ್ತಿದ್ರೆ ಪ್ಲಗ್ಗು ಇಡಿಯಾಗಿ ಕೈಗೆ ಬಂತು, ಕರ್‍ರಗೆ, ಕುತ್ತಿಗೇಲಿ ಸ್ವಲ್ಪ ಕುಂಕುಮದ ಸಮೇತ.

ಗೌಡ್ರು ಹತ್ರ ಬಂದ್ರು. "ಏನಪ್ಪಾ ಅದು?"

"ಪ್ಲಗ್ಗು."

"ನಾನ್ ಟೈಟ್ ಮಾಡು ಅಂದಿದ್ದು."

"ಟೈಟೇ ಮಾಡಿದ್ದು ಗೌಡ್ರೇ. ಬಂದ್ಬಿಡ್ತು."

ಇಬ್ರೂ ಪ್ಲಗ್ ನೋಡಿದ್ವಿ, ಸೀಟ್ ನೋಡಿದ್ವಿ. ಆವಾಗ ಹೊಳೀತು. ಗೋಡೆ ಗಡಿಯಾರದ ಹಿಂದೆ ಹೋಗಿ ನಿಂತು ನೋಡಿದ್ರೆ ಮುಳ್ಳು ಉಲ್ಟಾ ಓಡುತ್ತಲ್ಲ, ಅಷ್ಟೇ ಕಥೆ. ಪ್ಲಗ್ಗು ಮುಖ ಮಾಡಿರೋದು ಆ ಕಡೆಗೆ. ನಾವು ಈ ಕಡೆ ಮೆತ್ತನೆ ಸೀಟ್ ಮೇಲೆ ಕೂತು, ಅದ್ರ ಬೆನ್ನ ಹಿಂದಿಂದ ಎಡಕ್ಕೆ ಎಡಕ್ಕೆ ಅಂತ ಎಳೆದಿದ್ದು. ಬೆಳಗ್ಗಿಂದ ಗೌಡ್ರು, ನಾನು, ಭಟ್ರು ಸರದಿ ಮೇಲೆ ಕೂತು ಆ ಪ್ಲಗ್ಗನ್ನ ಟೈಟ್ ಮಾಡಿದ್ವಿ. ಅದು ಮುರೀದೆ ಇದ್ದಿದ್ದೇ ದೊಡ್ಡದು.

ಹೊಸ ಪ್ಲಗ್ಗನ್ನ ಮಾತ್ರ ಎದುರಿಗೆ ಹೋಗಿ, ಮಂಡಿ ಊರಿ, ಬಾನೆಟ್ ಸಂದೀಲಿ ಕೈ ತೂರ್ಸಿ ಹಾಕಿದೆ. ಕೀ ತಿರುಗ್ಸಿದ್ರೆ ಒಂದೇ ಏಟಿಗೆ ಸ್ಟಾರ್ಟು. ಗೌಡ್ರು ಜೇಬಿಂದ ಕನ್ನಡಕ ತೆಗೆದು ಹಾಕ್ಕಂಡು ಹತ್ತಿದ್ರು. ಮುಳುಗೋ ಹೊತ್ತಿನ ಸೂರ್ಯನಿಗೆ ಆ ಕನ್ನಡಕ ಬೇಕಿರ್ಲಿಲ್ಲ, ಬಸ್ಸುಗಳಿಗೆ ಬೇಕಿತ್ತು.

ಭಾಯ್‌ಗೆ ಫೋನ್ ಮಾಡ್ದೆ. "ಬಂತು ಭಾಯ್. ಮುರೀಲಿಲ್ಲ."

"ಶಾಭಾಶ್. ಹೆಂಗ್ ಬಂತು?"

"ಬಲಕ್ಕೆ ತಿರುಗ್ಸಿದೆ."

"ಅಂಗಡೀಲಿ ಯಾರ ಹತ್ರನೂ ಹೇಳ್ಬೇಡ" ಅಂದು ಇಟ್ರು. ಅಂದ್ರೆ ಸೋಮವಾರ ಕಾಲೇಜಿಗಲ್ಲ, ಅಂಗಡಿಗೇ.

ಚೀಲ ಕಟ್ಟಿ ಹೊರಡ್ಬೇಕು, ಅಜ್ಜಿ ವರಾಂಡದಿಂದ ಕರೆದ್ರು. ಪಕ್ಕದಲ್ಲಿ ಕುಂಕುಮದ ಭರಣಿ ರೆಡಿ ಇತ್ತು.

"ಹೊಸದು ಯಾವ ಕಡೆ ಕೂತ್ಕಂಡ್ ಹಾಕ್ದೆ?"

"ಆ ಕಡೆ ಅಜ್ಜಿ. ಎದುರಿಗೆ."

"ಅಂದ್ರೆ ಮುಖ ಯಾವ ದಿಕ್ಕಿಗಾಯ್ತು?"

ನಾನು ಸೂರ್ಯನ್ನ ನೋಡ್ದೆ, ಮಿಷನ್ ನಿಂತಿದ್ದ ಜಾಗ ನೋಡ್ದೆ. "ಉತ್ತರಕ್ಕೆ."

ಅಜ್ಜಿ ನಗ್ಲೂ ಇಲ್ಲ. "ಬೆಳಗ್ಗೆನೇ ಹೇಳ್ದೆ. ಓದಿದ್ ಹುಡುಗ್ರು ಒಂದ್ ಮಾತೂ ಕೇಳಲ್ಲ."

"ನಾನು ಓದಿದೋನಲ್ಲ ಅಜ್ಜಿ. ಅರ್ಧಕ್ಕೇ ಬಿಟ್ಟೋನು."

ಅಜ್ಜಿ ಭರಣಿ ಎತ್ಕಂಡು ಮೇಲೆದ್ರು. "ಅದೇ ಕಣೋ ಆಗಿರೋದು" ಅಂದ್ರು. "ತಲೇಲಿರೋ ಇನ್ನರ್ಧನೂ ಬಿಟ್ಬಿಡು."