ಮುಂಗೈ ಮೇಲಿನ ಗೇಜು

ಸಕ್ಕರೆ ಕಾಯಿಲೆಯ ಮೇಲೆ ನಾನು ಯುದ್ಧ ಸಾರಿದೆ! ಸಂಕ್ರಾಂತಿಯೊಳಗೆ ಅದನ್ನು ಮಣ್ಣು ಮುಕ್ಕಿಸಿ, ಕಣ್ಣಿನ ಪೊರೆ ತೆಗೆಸಿಕೊಂಡು, ಹುಟ್ಟಲಿರುವ ಮೊಮ್ಮಗುವಿನ ಮುಖವನ್ನು ಕಣ್ತುಂಬ ನೋಡಿಯೇ ತೀರುತ್ತೇನೆ ಎಂದು ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದೆ. ಸಭಿಕರ ಸಂಖ್ಯೆ ಒಂದು. ನನ್ನ ಹೆಂಡತಿ ಮರಿಲಿಂಗಮ್ಮ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮೊದಲ ಬಾಯಿ ಮುಚ್ರಿ. ಸಕ್ಕರಿ ತಾನ ಇಳೀತದ" ಎಂದಳು.

ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹೊಗೆ ಹಿಡಿದ ಗಾಜಿನಾಚೆ ಸರಿದಿತ್ತು. ಸಕ್ಕರೆ ಇಳಿಯದೆ ಆಪರೇಷನ್ ಮಾಡುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹಟ ಹಿಡಿದಿದ್ದರು. ಮಗಳು ಮೋನಮ್ಮ ಚೊಚ್ಚಲ ಹೆರಿಗೆಗೆ ಬಂದು ಮನೆಯಲ್ಲಿದ್ದಳು. ಅವಳ ಮುಖವೇ ನನಗೆ ಅರ್ಧ ಅಂದಾಜು. ಕೂಸಿನದ್ದೂ ಹಾಗೇ ಆದರೆ? ನಿಜ ಹೇಳುತ್ತೇನೆ, ಆ ಯೋಚನೆ ಬಂದಾಗಲೆಲ್ಲ ಎದೆ ಕುಸಿಯುತ್ತಿತ್ತು.

ಆಗ ಬಂತು ನೋಡಿ ಬ್ರಹ್ಮಾಸ್ತ್ರ! ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಳಿಯ ಒಂದು ಕೈಗಡಿಯಾರ ತಂದುಕೊಟ್ಟ. ಅದರ ಹೊಟ್ಟೆಯಲ್ಲಿ ಹಸಿರು ದೀಪ. ಚರ್ಮದೊಳಗೆ ಇಣುಕಿ ನಾಡಿ ಎಣಿಸುತ್ತದೆ, ಎಷ್ಟು ದೂರ ನಡೆದೆ, ಎಷ್ಟು ಕ್ಯಾಲರಿ ಕರಗಿತು ಎಂದು ಹೇಳುತ್ತದೆ. ಅಂಕಿಗಳು ದೊಡ್ಡವು. ಮುಂಗೈಯನ್ನು ಮೂಗಿಗೆ ತಾಗಿಸಿದರೆ ನನಗೂ ಕಾಣುತ್ತಿದ್ದವು.

ನಾನು ಅದನ್ನು ತಕ್ಷಣ ನಂಬಿದೆ. ಯಾಕೆಂದರೆ ನನ್ನ ಹೊಟ್ಟೆಪಾಡೇ ಅಂಕಿ ನಂಬುವುದು. ನಾನು ಕಾಲುವೆ ಆಫೀಸಿನಲ್ಲಿ ಗೇಜ್ ನೋಡುವವನು. ಗೇಟಿನ ಪಕ್ಕದ ಗೋಡೆಗೆ ಬಣ್ಣದಲ್ಲಿ ಬರೆದ ಅಳತೆಪಟ್ಟಿ ನೋಡಿ, ಈಗೀಗ ಜೊತೆಯವನಿಂದ ಓದಿಸಿಕೊಂಡು, ಎಷ್ಟು ನೀರು ಬಿಟ್ಟಿದ್ದೇವೆ ಎಂದು ಹೇಳುವುದು ನನ್ನ ಕೆಲಸ. ಆ ನೀರು ಕಾಲುವೆಯ ಕೊನೆ ಮುಟ್ಟಿತೋ ಇಲ್ಲವೋ ನೋಡುವುದು ನನ್ನ ಕೆಲಸವಲ್ಲ! ಕಟ್ಟಕಡೆಯ ಹೊಲದ ತಿಮ್ಮವ್ವ ಪ್ರತಿ ವರ್ಷ ಮನೆಗೇ ಬಂದು ಜಗಳ ತೆಗೆಯುತ್ತಾಳೆ. ನಾನು ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತೇನೆ: "ಗೇಜಿನ್ಯಾಗ ಅದ ಯವ್ವಾ. ಬರ್ತದ, ತಡಿ." ಈ ಉತ್ತರದಿಂದ ನನಗೆ ಎಂದೂ ತೊಂದರೆಯಾಗಿಲ್ಲ. ತಿಮ್ಮವ್ವನ ಬೆಳೆಗೆ ಆಗಿರಬಹುದು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಭೂಮಿತಾಯಿಗೆ ಎಡೆಯೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದು ಉಣಿಸುತ್ತಾರೆ. ಅದರಲ್ಲೂ ಕಾಲುವೆಯವನನ್ನು ಬಿಡುತ್ತಾರೆಯೇ?

"ಹೋಗಬ್ಯಾಡ್ರಿ" ಎಂದಳು ಮರಿಲಿಂಗಮ್ಮ.

"ಕಾಲುವಿ ದಂಡಿಗುಂಟ ನಡಕೊಂತ ಹೋಗ್ತೀನಿ. ವ್ಯಾಯಾಮ ಆಗ್ತದ!"

"ನಡಿಯೋದು ಕಾಲು. ನನಗ ಬಾಯಿದು ಚಿಂತಿ."

"ಬಾಯಿಗೆ ಇದು ಕಾವಲದ!" ಎಂದು ಮುಂಗೈ ಎತ್ತಿ ತೋರಿಸಿ ಹೊರಟೆ.

ಮೊದಲು ಸಿಕ್ಕಿದ್ದು ಖಂಡಪ್ಪನ ಹೊಲ. ಸಜ್ಜೆ ರೊಟ್ಟಿ, ಕಾಳು-ತರಕಾರಿ ಬೆರೆಸಿದ ಭಜ್ಜಿ, ಮೇಲೊಂದು ಶೇಂಗಾ ಹೋಳಿಗೆ. ಒಂದೇ ಒಂದು! ಎದ್ದು ನಾಲ್ಕು ಹೆಜ್ಜೆ ಹಾಕಿ ಮುಂಗೈ ಮೂಗಿಗೆ ಹಿಡಿದೆ. ಆಹಾ! ಉಂಡದ್ದಕ್ಕಿಂತ ಕರಗಿದ್ದೇ ಹೆಚ್ಚು! ನನಗೆ ಈ ಲೆಕ್ಕ ಹೇಳಿಕೊಡಬೇಕೆ? ಜಲಾಶಯದ ಒಳಹರಿವಿಗಿಂತ ಹೊರಹರಿವು ಜಾಸ್ತಿ. ಮಟ್ಟ ಇಳಿಯಲೇಬೇಕು. ಮುಂದಿನ ಹೊಲದಲ್ಲಿ ಧೈರ್ಯವಾಗಿ ಎರಡು ಹೋಳಿಗೆ ಹೊಡೆದೆ. ಬೆವರು ಕಿತ್ತು ಬಂತು, ಎದೆ ಡವಡವ ಎಂದಿತು, ಗಡಿಯಾರದ ಅಂಕಿ ಇನ್ನೂ ಏರಿತು! ಅದರ ಮುಂದಿನ ಹೊಲದಲ್ಲಿ ಕುಳಿತಲ್ಲಿಂದ ಏಳಲೇ ಇಲ್ಲ, ಬರೀ ತಿಂದೆ. ಆದರೂ ಕ್ಯಾಲರಿ ಕರಗುತ್ತಲೇ ಇತ್ತು! ತಿಂದೇ ತೆಳ್ಳಗಾಗುವ ವಿದ್ಯೆಯನ್ನು ಕಂಡುಹಿಡಿದ ಮಹಾಪುರುಷ ನಾನು ಎಂದುಕೊಂಡೆ.

ಕಾಲುವೆ ಮುಗಿಯುವಲ್ಲಿ ತಿಮ್ಮವ್ವನ ಹೊಲ. ಕೈಯಾಡಿಸಿ ನೋಡಿದೆ, ಹತ್ತಿ ಗಿಡ ಮೊಣಕಾಲುದ್ದವೂ ಬೆಳೆದಿರಲಿಲ್ಲ.

"ನೀರಂತೂ ಬರಲಿಲ್ಲ, ನೀವರೆ ಬಂದ್ರಿ. ಕೂಡ್ರಿ, ಉಣ್ರಿ" ಎಂದಳು.

ಅವಳೆದುರು ತಲೆ ತಗ್ಗಿಸಿ ಕುಳಿತೆ. ಹೋಳಿಗೆಯ ಮೇಲೆ ತುಪ್ಪ ಸುರಿದಳು. ಬೇಡ ಎನ್ನುವ ಮುಖ ನನಗೆಲ್ಲಿತ್ತು? ನಾಚಿಕೆಗೆ ಎದೆ ಹೊಡೆದುಕೊಂಡಿತು. ಅದನ್ನೂ ಗಡಿಯಾರ ನನ್ನ ಶ್ರಮವೆಂದೇ ಜಮಾ ಮಾಡಿಕೊಂಡಿತು.

ಹಬ್ಬ ಮುಗಿದರೂ ಅಭ್ಯಾಸ ಮುಗಿಯಲಿಲ್ಲ. ಎಲ್ಲರ ಮನೆಯಿಂದ ಬಂದ ಹೋಳಿಗೆ ಡಬ್ಬಿಯಲ್ಲಿತ್ತು, ಅಪ್ಪಣೆ ಮುಂಗೈಯಲ್ಲಿತ್ತು. ಮರಿಲಿಂಗಮ್ಮ ಡಬ್ಬಿ ಬಚ್ಚಿಟ್ಟಳು. ನಾನು ಕೂಗಾಡಿದೆ. ಕೂಗಾಡಿದ್ದಕ್ಕೂ ಕ್ಯಾಲರಿ ಕರಗಿತು. "ನೋಡು, ನಿನ್ನ ಕೂಡ ಜಗಳಾಡಿ ಎರಡು ಹೋಳಿಗಿ ಗಳಿಸೀನಿ!" ಎಂದೆ.

ಅವಳು ನನ್ನ ಕೈಯಿಂದ ಗಡಿಯಾರ ಬಿಚ್ಚಿ, ತಾನು ಕಟ್ಟಿಕೊಂಡು, ಜೋಳದ ರೊಟ್ಟಿ ಬಡಿಯಲು ಕುಳಿತಳು. ಬುಟ್ಟಿ ತುಂಬಿದ ಮೇಲೆ ಮೋನಮ್ಮ ಓದಿ ಹೇಳಿದಳು, "ಯವ್ವಾ, ಹೆಜ್ಜಿ ಲೆಕ್ಕದಾಗ ನೀ ಸುರಪುರ ದಾಟಿ ಹೋಗೀದಿ ನೋಡು!"

"ಕೇಳಿದ್ರ್ಯಾ? ಒಲಿ ಮುಂದ ಕುಂತು ಸುರಪುರ ದಾಟೀನಂತ" ಎಂದಳು ಮರಿಲಿಂಗಮ್ಮ. "ಇದು ಖರೇ ಇದ್ದಿದ್ರ ನಾ ಇಷ್ಟು ದಪ್ಪ ಇರ್ತಿದ್ದೇನ್ರಿ?"

ಒಪ್ಪಿಕೊಂಡರೆ ಹೋಳಿಗೆ ಹೋಗುತ್ತದೆ. ಹಾಗಾಗಿ ನಾನು ಒಪ್ಪಿಕೊಳ್ಳಲಿಲ್ಲ.

ಸಂಕ್ರಾಂತಿ ಕಳೆದು ಆಪರೇಷನ್ನಿನ ದಿನ ಬಂತು. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ನನ್ನ ಕಡೆ ತಿರುಗಿದರು.

"ಏನ್ ತಿಂದ್ರಿ?"

"ಕರಗಿದ್ದಷ್ಟ ತಿಂದೀನ್ರಿ!" ಎಂದು ಮುಂಗೈ ಚಾಚಿದೆ.

"ಇದಕ್ಕ ನಾಡಿ, ಕೈ ಅಲುಗೋದು ಅಷ್ಟ ಗೊತ್ರಿ. ನಾಡಿ ಜೋರಾದ್ರ ನೀವು ಓಡಾಕತ್ತೀರಿ ಅಂತ ತಿಳಕೊಂತದ. ಹೊಟ್ಟಿ ಬಿರಿ ಉಂಡ್ರೂ ನಾಡಿ ಓಡ್ತದ, ಸಿಟ್ಟಿಗೆದ್ರೂ ಓಡ್ತದ, ಹೆದರಿದ್ರೂ ಓಡ್ತದ. ಉಳಿದದ್ದೆಲ್ಲ ಅಂದಾಜು" ಎಂದರು. "ಸಕ್ಕರಿ ಮೊದಲಿಗಿಂತ ಏರೇದ. ಈಗ ಕಣ್ಣಿಗೆ ಕೈ ಹಚ್ಚಂಗಿಲ್ಲ. ಮೊದಲ ಇಳಿಸಿಕೊಂಡ ಬರ್ರಿ."

ಬಸ್ಸಿನಲ್ಲಿ ಮರಿಲಿಂಗಮ್ಮ ಕಿಟಕಿಯ ಕಡೆ ತಿರುಗಿ ಕುಳಿತಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳೋ, ಬೆವರು ಒರೆಸಿಕೊಂಡಳೋ, ಅದೂ ನನಗೆ ಕಾಣಲಿಲ್ಲ.

ಆ ವಾರವೇ ಮೋನಮ್ಮನಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಮರಿಲಿಂಗಮ್ಮ ತೊಡೆಯ ಮೇಲಿಟ್ಟಳು.

"ಮೂಗು ನೋಡ್ರಿ, ಥೇಟ್ ನಿಮ್ದ ಅದ."

ನೋಡಿದೆ. ಬಗ್ಗಿ ನೋಡಿದೆ, ಕೂಸನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಿಳಿ ಮಬ್ಬಿನೊಳಗೆ ಒಂದು ಕೆಂಪು ಮಬ್ಬು. ಅಷ್ಟೇ. ಕೂಸಿನ ಉಸಿರು ಕೆನ್ನೆಗೆ ತಾಗುತ್ತಿತ್ತು, ಮುಖ ಮಾತ್ರ ಎಲ್ಲೂ ಇರಲಿಲ್ಲ. ಎದೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಅಷ್ಟರಲ್ಲಿ ಮುಂಗೈ ಗಡಗಡ ನಡುಗಿತು. ಹಾಳಾದ್ದು ಗಡಿಯಾರ!

"ಏನಂತದವ್ವಾ ಅದು?" ಎಂದು ಮೋನಮ್ಮನನ್ನು ಕೇಳಿದೆ.

ಅವಳು ಮಲಗಿದಲ್ಲಿಂದಲೇ ನನ್ನ ಕೈ ಹಿಡಿದು ಓದಿದಳು. "ಭೇಷ್ ಅಂತದಪ್ಪಾ. ಇವತ್ತಿನ ಗುರಿ ಮುಟ್ಟೀದಿ ಅಂತ."

ತಡೆಯಲಾಗಲಿಲ್ಲ. "ಕೂಸಿನ ಮಾರಿ ಕಾಣವಲ್ದಲ್ಲೇ!" ಎಂದು ಹೆಂಡತಿಯ ಮುಂದೆ ಅತ್ತೇಬಿಟ್ಟೆ.

ಮರಿಲಿಂಗಮ್ಮ ಕೂಸನ್ನು ಮೆಲ್ಲಗೆ ನನ್ನ ಕೈಯಿಂದ ಎತ್ತಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಗೇಜಿನ್ಯಾಗ ಅದ ರೀ" ಎಂದಳು. "ಬರ್ತದ, ತಡೀರಿ."