ಧಾರೆ ಸೀರೆಯ ಪ್ಯಾರಾಚೂಟು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಊರವರು ಹೇಳುತ್ತಿದ್ದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಒಂದು ದಿನವಾದರೂ ನೆಟ್ಟಗಿರಬೇಕಲ್ಲವೇ?

ಈಗಿನ ದುಡ್ಡಿದ್ದವರು ವಿಮಾನದಿಂದ ಧುಮುಕುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಮನೆಯವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸುತ್ತಾರೆ. ನಮ್ಮ ಮಾವ ಎಪ್ಪತ್ತರ ದಶಕದ ಕೊನೆಯಲ್ಲೇ, ಕೋಲಾರದ ಹುತ್ತೂರು ಕಡೆಯ ನಮ್ಮ ಹಳ್ಳಿಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿಕೊಂಡು ಆ ವಿದ್ಯೆಗೆ ಕೈಹಾಕಿದ. ಹೆಮ್ಮೆಯ ಮಾತಿರಲಿ, ಕೋಲಾರದ ಕಾಲೇಜಿನಲ್ಲಿ ಓದುತ್ತಿದ್ದ ನಾನು ತಲೆ ಎತ್ತಲಾಗದೆ ನೆಲ ನೋಡಿಕೊಂಡೇ ಓಡಾಡಬೇಕಾಯಿತು. ಕಾಲೇಜಿನ ಅಂಗಳದಲ್ಲಿ ಎಲ್ಲೆಲ್ಲಿ ಕಲ್ಲಿದೆ ಎಂದು ಈಗಲೂ ಹೇಳಬಲ್ಲೆ.

ರೋಗ ಅಂಟಿದ್ದು ಬೆಂಗಳೂರಿನಲ್ಲಿ. ಯಾವುದೋ ಕೆಲಸಕ್ಕೆ ಹೋದವನು, ಸಿಪಾಯಿಗಳು ವಿಮಾನದಿಂದ ಪ್ಯಾರಾಚೂಟು ಬಿಚ್ಚಿಕೊಂಡು ಮೈದಾನಕ್ಕೆ ಇಳಿಯುವುದನ್ನು ನೋಡಿಬಿಟ್ಟ. ಬಂದವನಿಗೆ ಊಟ ಸೇರಲಿಲ್ಲ. ಅಮ್ಮನ ಮುಂದೆ ಕೂತು, "ಅಕ್ಕಾ, ಗಾಳಿ ಅವರನ್ನ ಕೂಸು ಎತ್ಕೊಂಡಂಗೆ ಎತ್ಕೊಂಡು ಇಳಿಸ್ತು ಕಣೇ. ನನ್ನೂ ಒಂದ್ ಸಲ ಹಂಗೆ ಹಿಡ್ಕೋಬೇಕು" ಎಂದ.

ಮಾವನಿಗೆ ತಾಯಿಯ ಮುಖ ನೆನಪಿಲ್ಲ. ಎತ್ತಿ ಆಡಿಸಿದವಳು ಅಕ್ಕನೇ. ನನ್ನ ಅಪ್ಪ ತೀರಿಕೊಂಡ ಮೇಲೆ ಅವನು ನಮ್ಮ ಮನೆಗೇ ಬಂದು, ಮದುವೆಯ ಮಾತೆತ್ತದೆ ನಮ್ಮ ಬೇಸಾಯ ಹೊತ್ತಿದ್ದ. ಹಾಗಾಗಿ ಅಮ್ಮ ಅವನನ್ನು ಬೈಯುತ್ತಿರಲಿಲ್ಲ. ನಾನು ಬೈದರೆ ನನಗೇ ಬೈಗುಳ ಬೀಳುತ್ತಿತ್ತು.

ವಿಮಾನಕ್ಕೆ ಏನು ಮಾಡುತ್ತೀಯ ಎಂದು ಕೇಳಿದೆ. ಮಾವ ನನ್ನನ್ನು ಕನಿಕರದಿಂದ ನೋಡಿದ. "ಲೇ, ವಿಮಾನ ಯಾತಕ್ಕೋ? ನಮ್ ಕಡೆ ದೇವರು ಬಂಡೆಗಳನ್ನ ಪುಗಸಟ್ಟೆ ನಿಲ್ಲಿಸಿಲ್ವಾ?"

ಮೊದಲು ಬೀಳುವ ಅಭ್ಯಾಸ. ಅದಕ್ಕೆ ನಾನು ಕಾಲೇಜಿಗೆ ಓಡಾಡುತ್ತಿದ್ದ ಮುಳಬಾಗಿಲಿನ ಬಸ್ಸೇ ಪಾಠಶಾಲೆ. ತಿರುವಿನಲ್ಲಿ ಬಸ್ಸು ನಿಧಾನವಾದ ಕೂಡಲೇ ಮಾವ ಮೊಣಕಾಲು ಮಡಿಸಿ ಧುಮುಕಿ, ಹುರುಳಿ ಹೊಲದಲ್ಲಿ ಉರುಳಿ, ಎದ್ದು ನಿಂತು ನಮ್ಮತ್ತ ಕೈಬೀಸುತ್ತಿದ್ದ. ನಮ್ಮತ್ತ ಎಂದರೆ ನನ್ನತ್ತ, ಮತ್ತು ನನ್ನ ಕ್ಲಾಸಿನ ಹುಡುಗಿಯರತ್ತ! ಒಂದು ದಿನ ಕಂಡಕ್ಟರು ಇಡೀ ಬಸ್ಸಿಗೆ ಕೇಳುವಂತೆ, "ಏಮಪ್ಪಾ, ನಾಳೆಯಿಂದ ನಿಮ್ ಮಾವನ್ನ ಲಗೇಜ್ ಅಂತ ಬರ್ಕೋತೀನಿ. ನಿಲ್ಸೋದ್ ಬೇಡ, ಬಿಸಾಕಿದ್ರಾಯ್ತು" ಎಂದ. ಹುಡುಗಿಯರು ನಕ್ಕರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದೆ.

ಆಮೇಲೆ ಹಳೆಯ ಪಂಚೆಗಳನ್ನು ಕೂಡಿಸಿ ಪ್ಯಾರಾಚೂಟು ಹೊಲಿದ. ಹಗ್ಗ ಬಾವಿಯದು. ಆದರೂ ಮಾವ ಹುಂಬನಲ್ಲ. ತನ್ನ ತೂಕದ್ದೇ ಏನನ್ನಾದರೂ ಮೊದಲು ಇಳಿಸಿ ನೋಡಬೇಕೆಂದು ಮಾಲೂರು ಕಡೆಯ ಶಿವಾರಪಟ್ಟಣಕ್ಕೆ ಹೋದ. ಅಲ್ಲಿ ಮನೆಮನೆಯಲ್ಲೂ ಕಲ್ಲು ಕೆತ್ತುತ್ತಾರೆ. ಶಿಲ್ಪಿಯೊಬ್ಬರ ಹಿತ್ತಲಲ್ಲಿ ಬಾಲ ಮುರಿದ ಆಂಜನೇಯನೊಬ್ಬ ಬಿದ್ದಿದ್ದ. ಭಿನ್ನವಾದ ವಿಗ್ರಹವನ್ನು ಪೂಜೆಗೆ ಯಾರು ಕೊಳ್ಳುತ್ತಾರೆ? ಮಾವ ಬೇಡಿದ, ಅವರು ಕೊಟ್ಟರು. ದೇವರನ್ನು ಬಂಡೆಯಿಂದ ತಳ್ಳುವುದೇ ಎಂದು ನಾನು ಹೌಹಾರಿದರೆ, "ಬೇರೆ ದೇವರಾಗಿದ್ರೆ ತಪ್ಪು ಕಣೋ. ಇವನಿಗೆ ಅಭ್ಯಾಸ ಇದೆ" ಎಂದ.

ಪಂಚೆ ಪರ್ರೆಂದು ಹರಿಯಿತು. ಆಂಜನೇಯ ಸೀದಾ ಬಂದು, ಬಂಡೆಯ ಬುಡದ ಕೆಸರಿನಲ್ಲಿ ಮೊಣಕಾಲುದ್ದ ಹೂತು, ನೆಟ್ಟಗೆ ನಿಂತುಬಿಟ್ಟ. ಬೆಳಿಗ್ಗೆ ನೋಡಿದರೆ ಯಾರೋ ಕುಂಕುಮ ಇಟ್ಟಿದ್ದಾರೆ! ಶನಿವಾರದ ಹೊತ್ತಿಗೆ ಎಣ್ಣೆದೀಪ, ತೆಂಗಿನಕಾಯಿ. ಕಾಲೇಜಿನಲ್ಲಿ ನನಗೆ ಪೂಜಾರಿ ಎಂದು ಹೆಸರಾಯಿತು.

ಪಂಚೆಯಿಂದ ಆಗುವುದಿಲ್ಲ, ರೇಷ್ಮೆಯೇ ಬೇಕು ಎಂದು ಮಾವ ತೀರ್ಮಾನಿಸಿದ. ಮನೆ ತುಂಬ ರೇಷ್ಮೆಹುಳು, ಆದರೆ ಮೊಳ ರೇಷ್ಮೆ ಬಟ್ಟೆಗೆ ಗತಿಯಿಲ್ಲ. ಬೆಳೆದವರು ಉಡುವುದುಂಟೇ? ಬೀದಿಯ ಹೆಂಗಸರನ್ನು ಸೀರೆ ಕೇಳಿದ, ಪೊರಕೆ ತೋರಿಸಿದರು. ಹುಳುವಿನ ತಟ್ಟೆಗಳ ನಡುವೆ ಮಂಕಾಗಿ ಕೂತವನು ಸೊಪ್ಪು ಹಾಕುವುದನ್ನೂ ಮರೆತ.

ಅಮ್ಮ ನೋಡುವಷ್ಟು ನೋಡಿದಳು. ಒಳಗೆ ಹೋಗಿ ಟ್ರಂಕಿನ ತಳದಿಂದ ತನ್ನ ಧಾರೆ ಸೀರೆ ತಂದಳು. ಕೆಂಪು ರೇಷ್ಮೆ, ಗೇಣಗಲ ಜರಿ. ಅಪ್ಪ ಹೋದಂದಿನಿಂದ ಅದು ಬೆಳಕು ಕಂಡಿರಲಿಲ್ಲ. ಗಂಡನಿಲ್ಲದವಳು ಅಂಥ ಸೀರೆ ಉಟ್ಟು ಬೀದಿಗಿಳಿದರೆ ನಮ್ಮೂರು ಸುಮ್ಮನಿರುತ್ತಿತ್ತೇ?

"ನಾನಂತೂ ಉಡೋ ಹಂಗಿಲ್ಲ. ಇದಾದ್ರೂ ಒಂದ್ ಸಲ ಗಾಳಿ ಕಾಣ್ಲಿ" ಎಂದಳು. "ಕತ್ತರಿ ಮಾತ್ರ ಹಾಕ್ಬೇಡ. ಹೆಂಗ್ ಕೊಟ್ಟೆನೋ ಹಂಗೇ ತಂದ್ಕೊಡು."

ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಅಪ್ಪ ತಂದ ಸೀರೆ, ಅಮ್ಮನ ಮಾನ, ಎರಡನ್ನೂ ಈ ಮನುಷ್ಯ ಊರೆದುರು ಹಾರಿಸಲು ಹೊರಟಿದ್ದ. ಮಾವ ಅಕ್ಕನ ಮಾತು ಮೀರಲಿಲ್ಲ. ಸೀರೆಯನ್ನು ಸೆರಗು, ಜರಿ ಸಮೇತ ಇಡಿಯಾಗಿ ನಡುವೆ ಹಾಸಿ, ಉಳಿದ ಪಂಚೆಗಳನ್ನು ಸುತ್ತ ಸಡಿಲವಾಗಿ ಹೊಲಿದ. ಗುಂಡಗಿರಬೇಕಾದದ್ದು ಮದುವೆ ಚಪ್ಪರದ ಹಾಗೆ ಚೌಕವಾಯಿತು.

ಒಂದು ಭಾನುವಾರ ಸಂಜೆ ಊರೆಲ್ಲ ಬಂಡೆಯ ಬುಡದಲ್ಲಿ ಸೇರಿತು. ಆಂಜನೇಯನ ಪಕ್ಕ ರಾಗಿಹುಲ್ಲಿನ ರಾಶಿ. ಗಾಳಿ ಎಂದರೆ ಗಾಳಿ! ಮಾವ ಮೇಲೇರಿ ಇನ್ನೇನು ಧುಮುಕಬೇಕು, ಆಗ ಊರಿನ ಹಿರಿಯರೊಬ್ಬರು ರಾಹುಕಾಲ ಶುರುವಾಯಿತೆಂದು ತಡೆದರು. ಸಾಯಲು ಹೊರಟವನನ್ನೂ ರಾಹುಕಾಲದಲ್ಲಿ ಕಳಿಸುವ ಊರಲ್ಲ ನಮ್ಮದು. ಮಾವನೂ ಒಪ್ಪಿ ಬಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ರಾಹುಕಾಲ ಮುಗಿಯುವವರೆಗೂ ಗಾಳಿ ಹೋ ಎಂದು ಬೀಸಿತು. ರಾಹುಕಾಲ ಹೋಯಿತು, ಗಾಳಿಯೂ ಅದರ ಜೊತೆಗೇ ಹೋಯಿತು.

ಮಾವ ಧುಮುಕಿದ. ಅರ್ಧ ದಾರಿ ಎಲ್ಲವೂ ಮುದ್ದೆಯಾಗಿಯೇ ಬಂತು. ಆಮೇಲೆ ಎಲ್ಲಿಂದಲೋ ಒಂದು ಬೀಸು. ಪಂಚೆಗಳು ಹೊಲಿಗೆ ಬಿಚ್ಚಿ ಚೆಲ್ಲಾಪಿಲ್ಲಿಯಾದವು. ಸೀರೆಯೊಂದೇ ಫಟ್ಟೆಂದು ತೆರೆದು, ಕೆಂಪಗೆ ಉಬ್ಬಿ, ಒಂದು ಗಳಿಗೆ ಮಾವನನ್ನು ಹಿಡಿದುಕೊಂಡಿತು. ಮರುಗಳಿಗೆ ಹುಲ್ಲಿನ ರಾಶಿಯ ಅಂಚಿಗೆ ಧೊಪ್ಪನೆ ಕೆಡವಿತು.

ಕಾಲು ಮುರಿದಿತ್ತು. ಜನ ಬಿದ್ದುಬಿದ್ದು ನಕ್ಕರು. ನಾನು ಟವಲಿನಿಂದ ಮುಖ ಮುಚ್ಚಿಕೊಂಡೆ. ಸೀರೆಯ ಅಡಿಯಿಂದ ಮಾವನ ದನಿ ಬಂತು: "ಅಕ್ಕಾ, ಹರೀಲಿಲ್ಲ ತಾನೇ?"

ಅಮ್ಮ ಹಗ್ಗ ಬಿಚ್ಚಿದಳು. ತಮ್ಮನ ಕಾಲು ಮುಟ್ಟಿ ನೋಡಿ, ಗಾಡಿ ತರಲು ಹೇಳಿದಳು. ಸೀರೆಗೆ ಅಂಟಿದ ಹುಲ್ಲು ಕೊಡವಿದಳು. ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾಳೆ ಅಂದುಕೊಂಡೆ. ಅವಳು ಮಡಚಲಿಲ್ಲ. ತನ್ನ ಮಾಸಿದ ಸೀರೆಯ ಮೇಲೆ ಅದನ್ನು ಸುತ್ತಿಕೊಂಡು, ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ನಗು ನಿಂತಿತು.

ಗಾಡಿ ಊರ ನಡುಬೀದಿಯಲ್ಲೇ ಹೊರಟಿತು. ಅಮ್ಮ ಅದರ ಪಕ್ಕ ನಡೆದಳು. ಹುಲ್ಲಿನ ಮೇಲೆ ಮಲಗಿದ್ದ ಮಾವ ನೋವಿಗೆ ಹಲ್ಲು ಕಚ್ಚಿಕೊಂಡೇ, "ಚೆನ್ನಾಗ್ ಕಾಣ್ತೀಯ ಕಣೇ" ಎಂದ. ಅಮ್ಮ ಅವನ ಹಣೆ ಒರೆಸಿದಳು. ಸೆರಗು ಹಿಂದೆ ಮಣ್ಣಿಗೆ ತಾಗುತ್ತಿತ್ತು. ಬೀದಿಯ ಎರಡೂ ಕಡೆ ಜನ ನೋಡುತ್ತಿದ್ದರು. ನಾನು ಮುಖದ ಟವಲು ತೆಗೆದು ಹೆಗಲಿಗೆ ಹಾಕಿಕೊಂಡು, ಓಡಿಹೋಗಿ ಆ ಸೆರಗಿನ ತುದಿಯನ್ನು ಎತ್ತಿ ಹಿಡಿದುಕೊಂಡೆ.